ಕಿಟಕಿಯಾಚೆಯ ಚಂದ್ರ

ಮಾನ್ಯರೇ,

ಕೆಲಸ ಮುಗಿಸಿ ಬಸ್ಸಿನಲ್ಲಿ ಮನೆಗೆ ಹೋಗುವ ಮುಕ್ಕಾಲು ಗಂಟೆ ಬರೀ ದಂಡ ಅಂತ ತುಂಬಾ ದಿನ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ.

ಮೊನ್ನೆ ಸಂಜೆ ಮುಂದಿನ ಸೀಟಿನಲ್ಲಿ ಪುಟ್ಟ ಹುಡುಗಿಯೊಬ್ಬಳು ಅಮ್ಮನ ತೊಡೆಯ ಮೇಲೆ ನಿಂತು ಕಿಟಕಿಗೆ ಮೂಗು ಒತ್ತಿಕೊಂಡಿದ್ದಳು. ಗಾಜಿನ ಮೇಲೆ ಅವಳ ಉಸಿರಿನ ಮಂಜು. 'ಅಮ್ಮಾ, ಚಂದಮಾಮ ನಮ್ ಜೊತೇನೇ ಬರ್ತಿದಾನೆ!' ಅಂದಳು. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಬಗ್ಗಿ, 'ಕಂಬ ಹತ್ತಿರ ಇದೆ ಪುಟ್ಟಿ, ಅದಕ್ಕೇ ಹಿಂದೆ ಓಡುತ್ತೆ. ಚಂದ್ರ ಇರೋದು ಸುಮಾರು 3,84,000 ಕಿಲೋಮೀಟರ್ ದೂರ. ನಾವು ಎಷ್ಟು ಮುಂದೆ ಹೋದ್ರೂ ಜೊತೆಗೇ ಇದ್ದ ಹಾಗೆ ಕಾಣ್ತಾನೆ' ಎಂದರು. ಅವಳು ಒಪ್ಪಲಿಲ್ಲ. 'ಇಲ್ಲ, ಬರ್ತಿದಾನೆ' ಅಂತ ಕೈಬೀಸಿದಳು. ಗುರುತು ಪರಿಚಯ ಇಲ್ಲದ ನಾವು ಐದಾರು ಜನ ಬಗ್ಗಿ ಬಗ್ಗಿ ಆಕಾಶ ನೋಡಿದೆವು.

ಸ್ವಂತ ಗಾಡಿಯಲ್ಲಿ ಹೋಗಿದ್ದರೆ ಕಣ್ಣೆಲ್ಲ ರಸ್ತೆ ಮೇಲೆಯೇ ಇರುತ್ತಿತ್ತು, ಅಲ್ವಾ? ನೂಕುನುಗ್ಗಲು ಇದ್ದೇ ಇದೆ, ಕಾಯುವುದೂ ಇದೆ. ಆದರೂ ದಿನಾ ಬಸ್ಸಿನಲ್ಲಿ ಓಡಾಡುವವರಲ್ಲಿ ಒಂದು ಕೋರಿಕೆ. ಎರಡು ನಿಲ್ದಾಣದವರೆಗಾದರೂ ಮೊಬೈಲ್ ಜೇಬಿಗೆ ಹಾಕಿ, ಸುಮ್ನೆ ಸುತ್ತ ನೋಡಿ.

ನಾನು ಇಳಿದಾಗಲೂ ಆ ಹುಡುಗಿ ಕೈಬೀಸುತ್ತಿದ್ದಳು. ನನಗೋ ಚಂದ್ರನಿಗೋ ಗೊತ್ತಾಗಲಿಲ್ಲ.

– ದಿನನಿತ್ಯದ ಪ್ರಯಾಣಿಕ