ಆರೋಗ್ಯ ಸಚಿವರೇ, ಕಣ್ಣೊಳಗೆ ಹಾಕಿದ ಲೆನ್ಸಿನ ವಿವರ ನಮ್ಮ ಕೈಗೂ ಕೊಡಿಸಿ

ಕರ್ನಾಟಕದ ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ಪೊರೆ ಆಪರೇಷನ್ ಆದವರಲ್ಲಿ ಕೆಲವರಿಗೆ ಕೆಲವು ವರ್ಷಗಳ ಮೇಲೆ ಕಣ್ಣೊಳಗೆ ಹಾಕಿದ ಕೃತಕ ಲೆನ್ಸೇ ಮಬ್ಬಾಗುತ್ತದೆ. ಹೀಗೂ ಆಗಬಹುದು ಅಂತ ನಮ್ಮ ಊರ ಕಡೆ ಯಾರೂ ಹೇಳಿದ್ದಿಲ್ಲ.

ನಮ್ಮ ಅವ್ವನಿಗೆ ಶಿಬಿರವೊಂದರಲ್ಲಿ ಉಚಿತವಾಗಿ ಆಪರೇಷನ್ ಆಗಿತ್ತು. ಕಣ್ಣು ಚೆನ್ನಾಗಿಯೇ ಇತ್ತು, ಅಕ್ಕಿಯಲ್ಲಿನ ಕಲ್ಲು ತಾನೇ ಆರಿಸುತ್ತಿದ್ದಳು. ವರ್ಷಗಳು ಕಳೆದ ಮೇಲೆ ಮಂಜು ಕವಿದ ಹಾಗೆ ಕಾಣತೊಡಗಿತು. ರಾತ್ರಿ ಎದುರಿಗೆ ಗಾಡಿ ಲೈಟ್ ಬಂದರೆ ನಿಂತುಬಿಡುತ್ತಿದ್ದಳು. ತೋರಿಸಿದ ಕಡೆ, ಮತ್ತೆ ಪೊರೆ ಬಂದಿದೆ ಅಂತ ಲೇಸರ್ ಮಾಡಿದರು. ಏನೂ ಪ್ರಯೋಜನವಾಗಲಿಲ್ಲ. ಇನ್ನೊಬ್ಬ ಡಾಕ್ಟರ್ ನೋಡಿ, ಬೆಳ್ಳಗಾಗಿರುವುದು ಲೆನ್ಸೇ ಅಂದರು. ಯಾವ ಲೆನ್ಸ್ ಹಾಕಿದ್ದರು ಅಂತ ಕೇಳಿದರು. ನಮ್ಮ ಹತ್ತಿರ ಇದ್ದ ಚೀಟಿಯಲ್ಲಿ 'ಐಒಎಲ್', ಅಂದರೆ ಕಣ್ಣೊಳಗಿನ ಲೆನ್ಸ್, ಅಂತ ಬರೆದಿತ್ತು, ಅಷ್ಟೇ.

ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಲೆನ್ಸಿನ ಹಿಂದಿರುವ ತೆಳು ಪದರ ಮಬ್ಬಾಗುವುದು ತುಂಬಾ ಜನರಿಗೆ ಆಗುತ್ತದೆ. ಅದಕ್ಕೆ ಲೇಸರ್ ಸಾಕು. ಲೆನ್ಸೇ ಮಬ್ಬಾಗುವುದು ಅಪರೂಪ. ನೀರಿನಂಶ ಹೀರಿಕೊಳ್ಳುವ ಒಂದು ಬಗೆಯ ಅಕ್ರಿಲಿಕ್ ಲೆನ್ಸಿನಲ್ಲಿ ಕ್ಯಾಲ್ಸಿಯಂ ಕಟ್ಟಿಕೊಂಡು ಹೀಗಾಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ, ಆಮೇಲೆ ಕಣ್ಣೊಳಗೆ ಗ್ಯಾಸ್ ತುಂಬಿ ಬೇರೆ ಆಪರೇಷನ್ ಆದವರಲ್ಲಿ ಇದನ್ನು ಕಂಡಿದ್ದಾರೆ. ಇದು ಲೇಸರ್‌ಗೆ ಹೋಗುವುದಿಲ್ಲ, ಲೆನ್ಸನ್ನೇ ಬದಲಾಯಿಸಬೇಕು. ಅದರ ಮೊದಲೇ ಲೇಸರಿನಿಂದ ಹಿಂದಿನ ಪದರ ತೂತಾಗಿದ್ದರೆ, ಬದಲಾಯಿಸುವ ಆಪರೇಷನ್ ಇನ್ನೂ ಕಷ್ಟವಾಗುತ್ತದೆ. ಕಣ್ಣಿನ ಹಿಂಭಾಗದ ಲೋಳೆ ಮುಂದಕ್ಕೆ ಬರುವ ಅಪಾಯವಿರುತ್ತದೆ. ಅವ್ವನ ವಿಷಯದಲ್ಲಿ ಆಗಿದ್ದೇ ಇದು.

ಅಗ್ಗದ ಲೆನ್ಸ್ ಬೇಡ, ಶಿಬಿರ ಬೇಡ ಅಂತ ನಾನು ಹೇಳುತ್ತಿಲ್ಲ. ಡಾ. ಎಂ.ಸಿ. ಮೋದಿಯವರು ಊರೂರು ತಿರುಗಿ ಪೊರೆ ತೆಗೆದ ನಾಡು ಇದು. ಆಗೆಲ್ಲ ಪೊರೆ ತೆಗೆದ ಮೇಲೆ ದಪ್ಪ ಗಾಜಿನ ಕನ್ನಡಕ ಹಾಕಿಕೊಳ್ಳಬೇಕಿತ್ತು. ಈಗ ಒಂದು ವಸ್ತುವನ್ನು ಕಣ್ಣೊಳಗೇ ಇಟ್ಟು ಕಳಿಸುತ್ತೇವೆ. ಅದು ಸಾಯುವ ತನಕ ಅಲ್ಲೇ ಇರುತ್ತದೆ. ಹಾಗಿರುವಾಗ ಅದರ ಲೆಕ್ಕವೂ ಅಷ್ಟೇ ಕಾಲ ಇರಬೇಕು, ಅಲ್ವಾ?

ಲೆನ್ಸಿನ ಡಬ್ಬಿಯಲ್ಲೇ ಸ್ಟಿಕ್ಕರ್‌ಗಳು ಬರುತ್ತವೆ. ಕಂಪನಿ, ಮಾದರಿ, ಪವರ್, ನಂಬರ್ ಎಲ್ಲ ಅದರಲ್ಲಿರುತ್ತದೆ. ಒಂದನ್ನು ಆಸ್ಪತ್ರೆಯ ಫೈಲಿಗೆ ಅಂಟಿಸಿದ ಹಾಗೆ ಇನ್ನೊಂದನ್ನು ರೋಗಿಯ ಚೀಟಿಗೂ ಅಂಟಿಸಲಿ. ಸರ್ಕಾರಿ ಆಸ್ಪತ್ರೆಗಳಿಗೂ, ಸರ್ಕಾರದ ದುಡ್ಡಿನಲ್ಲಿ ಶಿಬಿರ ಮಾಡುವ ಎಲ್ಲರಿಗೂ ನೀವು ಒಂದು ಸುತ್ತೋಲೆ ಕಳಿಸಿದರೆ ಇದು ಆಗುತ್ತದೆ. ಇದಕ್ಕೆ ದೊಡ್ಡ ಬಜೆಟ್ ಬೇಡ.

ಈ ನಂಬರಿನಿಂದ ಏನಾಗುತ್ತದೆ ಅಂತ ನಿಮ್ಮ ಅಧಿಕಾರಿಗಳು ಕೇಳಬಹುದು. 1990ರ ದಶಕದ ಕೊನೆಯ ಹೊತ್ತಿಗೆ ಹೈಡ್ರೋವ್ಯೂ ಎಂಬ ಲೆನ್ಸ್ ಹಲವು ದೇಶಗಳಲ್ಲಿ ಹೀಗೇ ಮಬ್ಬಾಯಿತು. ಕಣ್ಣಿನಿಂದ ತೆಗೆದ ಲೆನ್ಸುಗಳನ್ನು ಪರೀಕ್ಷಿಸಿದರು. ಪ್ಯಾಕಿಂಗ್‌ನಲ್ಲಿದ್ದ ಸಿಲಿಕೋನ್ ಮೇಲೆ ಅನುಮಾನ ಬಂದು, ಪ್ಯಾಕಿಂಗನ್ನೇ ಬದಲಾಯಿಸಿದರು. ಯಾವ ಲೆನ್ಸ್ ಅಂತಲೇ ಗೊತ್ತಿಲ್ಲದಿದ್ದರೆ ಇಂಥ ಹುಡುಕಾಟ ಶುರುವಾಗುವುದೇ ಇಲ್ಲ. ನಮ್ಮ ದೇಶದಲ್ಲೂ ವೈದ್ಯಕೀಯ ಸಾಧನಗಳ ತೊಂದರೆ ದಾಖಲಿಸಲು 2015ರಿಂದ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ ಇದೆ. ಮಬ್ಬಾದ ಪ್ರತಿ ಲೆನ್ಸಿನ ವರದಿ ಅಲ್ಲಿಗೆ ಹೋಗುವಂತೆ ನೋಡಿಕೊಳ್ಳಿ.

ಇನ್ನೊಂದು ಮಾತು. ಲೇಸರ್ ಮಾಡುವ ಮೊದಲು ಮಬ್ಬಾಗಿರುವುದು ಪದರವೋ ಲೆನ್ಸೋ ಅಂತ ಪಾಪೆ ಹಿಗ್ಗಿಸಿ ಸರಿಯಾಗಿ ನೋಡಿ, ಬರೆದಿಡಬೇಕು ಅಂತ ಡಾಕ್ಟರುಗಳಿಗೆ ತಿಳಿಸಿ. ಉಚಿತವಾಗಿ ಹಾಕಿದ ಲೆನ್ಸ್ ಕೆಟ್ಟರೆ ಬದಲಾಯಿಸುವ ಖರ್ಚೂ ರೋಗಿಯ ತಲೆಗೆ ಬರಬಾರದು. ಕೂಲಿ ಮಾಡುವವರು ಆ ಖರ್ಚಿಗೆ ಹೆದರಿ ಆಸ್ಪತ್ರೆಗೇ ಬರುವುದಿಲ್ಲ, ವಯಸ್ಸಾಯ್ತು ಅಂತ ಸುಮ್ನೆ ಇದ್ದುಬಿಡುತ್ತಾರೆ.

ನಿಮ್ಮ ಸುತ್ತೋಲೆಗಾಗಿ ಕಾಯುತ್ತಿರುತ್ತೇನೆ.

ಇಂತಿ,
ಬ್ಯಾಡಗಿ ತಾಲ್ಲೂಕಿನ ಒಬ್ಬ ಶಿಕ್ಷಕಿ