ಗುರಿ ತಪ್ಪಿದ್ದು ಕಾಲಿಂದ

ಸಂಪಾದಕರಿಗೆ ನಮಸ್ಕಾರ.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕಾಲೇಜು ಮಟ್ಟದಲ್ಲಿ ಮಿಂಚಿದ ಕ್ವಾರ್ಟರ್‌ಬ್ಯಾಕ್‌ಗಳು, ಅಂದ್ರೆ ಟೀಮಿನ ಪರವಾಗಿ ಚೆಂಡು ಎಸೆಯೋರು, ಆಮೇಲೆ ಗುರಿ ಕಳ್ಕೊಳ್ಳೋದ್ಯಾಕೆ ಅಂತ ನಿಮ್ಮ ಕ್ರೀಡಾ ಪುಟದಲ್ಲಿ ಬಂದಿದ್ದ ಬರಹ ಓದಿದೆ. ಹೆಸರು ಬಂದ ತಕ್ಷಣ ಹುಡುಗರಿಗೆ ತಲೆ ತಿರುಗತ್ತೆ, ಪ್ರಾಕ್ಟೀಸ್ ಕಮ್ಮಿ ಆಗತ್ತೆ, ಒತ್ತಡ ತಡ್ಕೊಳಲ್ಲ ಅನ್ನೋ ಧಾಟಿ ಇತ್ತು. ನಾನು ಹಾಸನದ ಕಡೆಯವನು, ಹದಿನಾಲ್ಕು ವರ್ಷದಿಂದ ಪೆನ್ಸಿಲ್ವೇನಿಯಾದಲ್ಲಿದೀನಿ, ಈ ಆಟ ಇಲ್ಲೇ ಕಲ್ತೆ, ಅಂಥ ಒಬ್ಬ ಹುಡುಗ ಬಿದ್ದಿದ್ದನ್ನ ಕಣ್ಣಾರೆ ನೋಡಿದೀನಿ. ಆ ಮಾತು ನಂಗೆ ಒಪ್ಪಕ್ಕಾಗ್ಲಿಲ್ಲ, ಅದಕ್ಕೇ ಬರೀತಿದೀನಿ.

ಆ ಹುಡುಗ ಪೆನ್ ಸ್ಟೇಟ್ ಯೂನಿವರ್ಸಿಟಿಯ ಕ್ರಿಶ್ಚಿಯನ್ ಹ್ಯಾಕೆನ್‌ಬರ್ಗ್. 2013ರ ಅಕ್ಟೋಬರ್‌ನಲ್ಲಿ ಮಿಷಿಗನ್ ವಿರುದ್ಧದ ಮ್ಯಾಚಿಗೆ ಬೀವರ್ ಸ್ಟೇಡಿಯಂಗೆ ಹೋಗಿದ್ದೆ, ಲಕ್ಷಕ್ಕೂ ಮೀರಿ ಜನ. ಫಸ್ಟ್ ಇಯರ್ ಹುಡುಗ, ಟೀಮು ಏಳು ಪಾಯಿಂಟ್ ಹಿಂದೆ, ಉಳಿದಿದ್ದು 50 ಸೆಕೆಂಡ್, ಎದುರಾಳಿ ಗೆರೆ ದಾಟೋಕೆ ಚೆಂಡು ಹೋಗಬೇಕಾದ್ದು 80 ಗಜ. ಹೋದ. ಆಲೆನ್ ರಾಬಿನ್ಸನ್ ಗಾಳಿಯಲ್ಲಿ ಎಗರಿ ಹಿಡಿದ ಆ ಚೆಂಡು ಈಗ್ಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾಲ್ಕು ಓವರ್‌ಟೈಮ್ ಆದ್ಮೇಲೆ 43-40ಕ್ಕೆ ಗೆದ್ರು, ಗಂಟಲು ಹೋಗಿ ಎರಡು ದಿನ ಆಫೀಸಲ್ಲಿ ಮಾತಾಡಕ್ಕಾಗ್ಲಿಲ್ಲ.

ಆ ವರ್ಷ ಅವನು ಎಸೆದಿದ್ರಲ್ಲಿ ನೂರಕ್ಕೆ 58.9 ತನ್ನ ಟೀಮಿನೋರ ಕೈಗೆ ತಲುಪಿತ್ತು. 2014ರಲ್ಲಿ 55.8. 2015ರಲ್ಲಿ 53.5. ವರ್ಷ ಕಳೆದ ಹಾಗೆ ಕಲೀಬೇಕಾದ ಹುಡುಗ ಹಿಂದಕ್ಕೆ ಹೋದ, ಎಲ್ರೂ ಅವನ ಕೈ ನೋಡಿದ್ರು, ಅವನ ತಲೆ ಬಗ್ಗೆ ಮಾತಾಡಿದ್ರು.

ಈ ಆಟ ನೋಡದೇ ಇರೋರಿಗೆ ಒಂದು ಮಾತು. ಚೆಂಡು ಎಸೆಯೋನ ಮುಂದೆ ಐದು ಜನ ಗೋಡೆ ಥರ ನಿಂತು ನುಗ್ಗಿ ಬರೋರನ್ನ ತಡೀತಾರೆ, ಆಫೆನ್ಸಿವ್ ಲೈನ್ ಅಂತಾರೆ. ಆ ಗೋಡೆ ಮೂರು ಸೆಕೆಂಡ್ ನಿಂತ್ರೆ ಸಾಕು, ಅವನು ಹಿಂದೆ ಹೆಜ್ಜೆ ಹಾಕಿ, ಹಿಂಗಾಲು ಊರಿ, ಮುಂಗಾಲನ್ನ ಗುರಿ ಕಡೆಗಿಟ್ಟು, ಸೊಂಟ ತಿರುಗಿಸಿ ಎಸೀತಾನೆ. ಬಲ ಹುಟ್ಟೋದು ನೆಲದಿಂದ, ಅಲ್ಲಿಂದ ಸೊಂಟ, ಭುಜ, ಮೊಣಕೈ, ಕೊನೇಲಿ ಬೆರಳು. ಚೆಂಡು ಹಿಡಿಯೋನು ಇನ್ನೂ ಈ ಕಡೆ ತಿರುಗೋ ಮುಂಚೆನೇ ಎಷ್ಟೋ ಸಲ ಎಸೆದಾಗಿರತ್ತೆ, ಹಾಗಾಗಿ ಕಾಲು ಅರ್ಧ ಕ್ಷಣ ತಡ ಆದ್ರೂ, ಒಂದು ಗೇಣು ಪಕ್ಕಕ್ಕೆ ಬಿದ್ರೂ, ಚೆಂಡು ತಲೆ ಮೇಲೋ ಬೆನ್ನ ಹಿಂದೋ ಹೋಗತ್ತೆ.

ಈಗ ಆ ಗೋಡೆ ಏನಾಯ್ತು ನೋಡಿ. 2012ರಲ್ಲಿ ಕಾಲೇಜು ಕ್ರೀಡೆಗಳನ್ನ ನಡೆಸೋ ಸಂಸ್ಥೆ ಎನ್‌ಸಿಎಎ ಒಂದು ಹಳೇ ಹಗರಣಕ್ಕೆ ಪೆನ್ ಸ್ಟೇಟ್‌ಗೆ ಶಿಕ್ಷೆ ಹಾಕಿ ಆಟಗಾರರಿಗೆ ಕೊಡೋ ಸ್ಕಾಲರ್‌ಶಿಪ್ ಕಡಿತ ಮಾಡಿತ್ತು, ಹಾಗಾಗಿ ಟೀಮಿಗೆ ಆಳು ಕಮ್ಮಿ ಆದ್ರು, ಆ ತಪ್ಪು ಮಾಡಿದೋರು ಯಾರೋ, ಆಗ ಈ ಹುಡುಗ ಇನ್ನೂ ಸ್ಕೂಲಲ್ಲಿದ್ದ. ಬೇರೆ ಕಾಲೇಜಿಗೆ ಹೋಗಬಹುದಿತ್ತು, ಕೊಟ್ಟ ಮಾತು ಉಳಿಸ್ಕೊಂಡು ಬಂದ. 2014ರ ಜನವರಿಯಲ್ಲಿ ಅವನನ್ನ ತಯಾರು ಮಾಡಿದ ಕೋಚ್ ಬಿಲ್ ಓಬ್ರಯನ್ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಹ್ಯೂಸ್ಟನ್ ಟೀಮಿಗೆ ಹೋದ್ರು, ರಾಬಿನ್ಸನ್ನೂ ಎನ್‌ಎಫ್‌ಎಲ್‌ಗೆ ಹೋದ, ಹೊಸ ಕೋಚು, ಹೊಸ ಪದ್ಧತಿ, ಲೈನಲ್ಲಿ ಆಳೇ ಸಾಲದೆ ಡಿಫೆನ್ಸಲ್ಲಿ ಆಡ್ತಿದ್ದ ಇಬ್ಬರನ್ನ ತಂದು ಆ ಗೋಡೆಯಲ್ಲಿ ಗಾರ್ಡ್ ಅನ್ನೋ ಜಾಗಕ್ಕೆ ನಿಲ್ಲಿಸಿದ್ರು. ಆ ವರ್ಷ ಅವನನ್ನ 44 ಸಲ ಚೆಂಡು ಕೈಲಿರೋವಾಗ್ಲೇ ನೆಲಕ್ಕೆ ಕೆಡವಿದ್ರು. 2015ರ ಮೊದಲ ಮ್ಯಾಚು ಟೆಂಪಲ್ ವಿರುದ್ಧ, ಅದೊಂದರಲ್ಲೇ ಹತ್ತು ಸಲ. ಕುಣಿಲಾರದವಳಿಗೆ ನೆಲ ಡೊಂಕು ಅಂತ ಗಾದೆ ಹೇಳಿ ಮುಗಿಸ್ಬಿಡಬಹುದು, ಆದ್ರೆ ಇಲ್ಲಿ ನೆಲ ನಿಜವಾಗ್ಲೂ ಡೊಂಕಿತ್ತು ಸ್ವಾಮಿ.

ಬೌನ್ಸರ್ ತಲೆಗೆ ಬಡಿಸ್ಕೊಂಡ ಬ್ಯಾಟ್ಸ್‌ಮನ್ ಕಾಲು ಮುಂದಿನ ಬಾಲ್‌ಗೆ ತಾನಾಗೇ ಲೆಗ್ ಸೈಡಿಗೆ ಸರಿಯತ್ತಲ್ಲ, ಹಂಗೇ ಇದು. ಹುಡುಗನ ಕಣ್ಣು ದೂರದ ಗುರಿ ಬಿಟ್ಟು ನುಗ್ಗಿ ಬರೋರ ಮೇಲೆ ಇಳಿಯತ್ತೆ, ಹಿಂಗಾಲ ಮೇಲೆ ವಾಲ್ಕೊಂಡೇ ಎಸೀತಾನೆ, ಆಮೇಲೆ ಗೋಡೆ ಗಟ್ಟಿಯಾಗಿ ನಿಂತಾಗ್ಲೂ ಕಾಲು ನಂಬಲ್ಲ. ಕೈ ಹೋಗಿತ್ತು ಅನ್ನೋರು 2014ರ ಡಿಸೆಂಬರ್‌ನ ಪಿನ್‌ಸ್ಟ್ರೈಪ್ ಬೌಲ್ ಅನ್ನೋ ಸೀಸನ್ ಕೊನೇ ಮ್ಯಾಚ್ ನೋಡ್ಲಿ. ಅಲ್ಲೀವರೆಗೆ ಇಡೀ ಸೀಸನ್‌ನಲ್ಲಿ 8 ಟಚ್‌ಡೌನ್, ಅಂದ್ರೆ ಎದುರಾಳಿ ಗೆರೆ ದಾಟಿಸಿ ಅಂಕ ತರೋ ಚೆಂಡು, ಎಸೆದಿದ್ದ ಹುಡುಗ ಅವತ್ತೊಂದೇ ದಿನ 4 ಎಸೆದು ಬಾಸ್ಟನ್ ಕಾಲೇಜನ್ನ ಸೋಲಿಸಿದ.

ನಂಗಿದು ಅರ್ಥ ಆಗಿದ್ದು ಮಾತ್ರ ಮನೇಲಿ. ನನ್ನ ಮಗ ಹೈಸ್ಕೂಲ್ ಟೀಮಲ್ಲಿ ಇದೇ ಜಾಗದಲ್ಲಿ ಆಡ್ತಾನೆ. ಹಿತ್ತಲ ಮೇಪಲ್ ಮರಕ್ಕೆ ಹಳೇ ಟೈರ್ ಕಟ್ಟಿದೀವಿ, ಜುಲೈನಲ್ಲಿ ಹತ್ತಕ್ಕೆ ಎಂಟು ಅದರೊಳಗೆ ತೂರಿಸ್ತಿದ್ದ. ಮ್ಯಾಚ್ ಶುರುವಾಗಿ ನಾಲ್ಕು ವಾರ ಏಟು ತಿಂದ್ಮೇಲೆ ಯಾರೂ ಇಲ್ಲದ ಹಿತ್ತಲಲ್ಲೂ ತಪ್ಪೋಕೆ ಶುರುವಾಯ್ತು. ಮೊಣಕೈ ಮೇಲಿಡೋ ಅಂತ ನಾನು ದಿನಾ ಕಿರುಚ್ತಿದ್ದೆ, ಟೀಮಿನ ಕೋಚೂ ಅದನ್ನೇ ಹೇಳ್ತಿದ್ರು. ನನ್ನ ಹೆಂಡತಿ ಫೋನಲ್ಲಿ ವಿಡಿಯೋ ತೆಗೆದು ಸ್ಲೋ ಮೋಷನ್‌ನಲ್ಲಿ ತೋರಿಸಿದ್ಳು. ಮೊಣಕೈ ಸರಿಯಾಗೇ ಇತ್ತು. ಎಡಗಾಲಿನ ಹೆಬ್ಬೆರಳು ಟೈರ್ ಬಿಟ್ಟು ನಮ್ಮ ಬೇಲಿ ಕಡೆ ತಿರುಗಿತ್ತು, ಎದೆ ಹಿಂದಕ್ಕೆ ವಾಲಿತ್ತು. "ಅಪ್ಪಾ, ಟೈರ್ ಕಾಣ್ತಿದೆ, ಆದ್ರೆ ಕಾಲು ಕೇಳಲ್ಲ" ಅಂದ. ಅಷ್ಟು ದಿನ ಕಿರುಚಿದ್ದಕ್ಕೆ ನಂಗೆ ತುಂಬಾ ಸಂಕಟ ಆಯ್ತು. ಈಗ ದಿನಾ ಸಂಜೆ ಸೋಫಾ ಕುಶನ್ ಹಿಡ್ಕೊಂಡು ಅವನ ಪಕ್ಕೆಗೆ, ಭುಜಕ್ಕೆ ತಟ್ತಾ ಇರ್ತೀನಿ, ಅವನು ಟೈರ್‌ನಿಂದ ಕಣ್ಣು ತೆಗೀದೆ ಕಾಲಿಟ್ಟು ಎಸೀಬೇಕು. ಮೊನ್ನೆ ಹತ್ತಕ್ಕೆ ಆರು ಹೋಯ್ತು.

ಹೋದ ಗುರಿ ವಾಪಸ್ ಬರಲ್ಲ ಅಂತೇನಿಲ್ಲ. ಜಾಶ್ ಆಲೆನ್ ವಯೋಮಿಂಗ್ ಕಾಲೇಜಲ್ಲಿ ನೂರಕ್ಕೆ 56 ಮುಟ್ಟಿಸ್ತಿದ್ದವನು, ಎನ್‌ಎಫ್‌ಎಲ್‌ನ ಬಫಲೋ ಟೀಮಲ್ಲಿ ಮೊದಲ ವರ್ಷ 52.8ಕ್ಕೆ ಇಳಿದ, 2020ರಲ್ಲಿ 69.2. ಅವನಿಗೆ ಅದೇ ಕೋಚು ಉಳಿದ್ರು, ಚೆಂಡು ಹಿಡಿಯೋಕೆ ಸ್ಟೆಫಾನ್ ಡಿಗ್ಸ್ ಬಂದ, ಕಾಲು ಸೊಂಟ ತಿದ್ದೋಕೆ ಜೋರ್ಡನ್ ಪಾಮರ್ ಇದ್ರು, ಎಲ್ಲಕ್ಕಿಂತ ಹೆಚ್ಚಾಗಿ ಕಾಯೋ ಜನ ಇದ್ರು. ಹ್ಯಾಕೆನ್‌ಬರ್ಗ್‌ನ 2016ರಲ್ಲಿ ನ್ಯೂಯಾರ್ಕ್ ಜೆಟ್ಸ್ ಟೀಮಿನೋರು ಹೊಸ ಆಟಗಾರರನ್ನ ಆರಿಸೋ ಡ್ರಾಫ್ಟ್‌ನ ಎರಡನೇ ಸುತ್ತಲ್ಲೇ ಆರಿಸ್ಕೊಂಡ್ರು, ಆದ್ರೆ ಎನ್‌ಎಫ್‌ಎಲ್‌ನ ಒಂದೇ ಒಂದು ಲೀಗ್ ಮ್ಯಾಚಲ್ಲೂ ಅವನು ಆಡಲಿಲ್ಲ.

ನಿಮ್ಮಲ್ಲಿ ಕೇಳ್ಕೊಳ್ಳೋದು ಇಷ್ಟೇ, ಮುಂದೆ ಇಂಥ ಹುಡುಗನ ಬಗ್ಗೆ ಬರೆಯೋವಾಗ ನೂರಕ್ಕೆ ಎಷ್ಟು ಮುಟ್ಟಿಸಿದ ಅನ್ನೋದರ ಪಕ್ಕದಲ್ಲೇ ಅವನನ್ನ ಎಷ್ಟು ಸಲ ಕೆಡವಿದ್ರು ಅನ್ನೋದನ್ನೂ ಹಾಕಿ.

ಇಂತಿ,
ನಿಮ್ಮ ಹಳೇ ಓದುಗ, ಹ್ಯಾರಿಸ್‌ಬರ್ಗ್, ಪೆನ್ಸಿಲ್ವೇನಿಯಾ