ಊರು ಬಿಟ್ಟವರು ಹೇಳಿ ಉಳಿಸಿದ ಮನೆಗಳು

ಇಂಗ್ಲೆಂಡಿನ ಡಾರ್ಸೆಟ್‌ನ ಕಡಲತೀರಕ್ಕೆ ಹತ್ತಿರದ ಟೈನಮ್ ಎಂಬ ಹಳ್ಳಿಯ ಹೆಚ್ಚಿನ ಕುಟುಂಬಗಳಿಗೆ, ತಲೆತಲಾಂತರದಿಂದ ಬಾಳಿದ ಮನೆಯನ್ನು ಬಿಟ್ಟುಹೋದದ್ದಕ್ಕೆ ಸಿಕ್ಕ ಪರಿಹಾರವೆಂದರೆ ಹಿತ್ತಲಿನಲ್ಲಿ ಬೆಳೆದು ನಿಂತಿದ್ದ ತರಕಾರಿಯ ಬೆಲೆ ಮಾತ್ರ. ಮನೆಗಳು ಅವರವಲ್ಲ, ಊರಿನ ಒಡೆಯರಾಗಿದ್ದ ಬಾಂಡ್ ಮನೆತನದವು, ಇವರು ಒಕ್ಕಲುಗಳು. 1943ರ ನವೆಂಬರ್‌ನಲ್ಲಿ, ಸೈನ್ಯದ ತರಬೇತಿಗೆ ಈ ಕಣಿವೆ ಬೇಕಾಗಿದೆ, ಒಂದು ತಿಂಗಳೊಳಗೆ ಖಾಲಿ ಮಾಡಬೇಕು ಎಂಬ ಸರ್ಕಾರಿ ಕಾಗದ ಮನೆಮನೆಗೂ ಬಂದಾಗ, ಯುದ್ಧ ಮುಗಿದ ಮೇಲೆ ಹಿಂದಿರುಗುತ್ತೇವೆಂದು ನಂಬಿ ಅವರು ಹೊರಟರು. ಮನೆಗಳನ್ನು ಜತನದಿಂದ ನೋಡಿಕೊಳ್ಳಿ, ಒಂದು ದಿನ ಮರಳಿ ಬರುತ್ತೇವೆ ಎಂದು ಸೈನಿಕರಿಗೆ ಬರೆದ ಚೀಟಿಯೊಂದನ್ನು ಇಗರ್ಜಿಯ ಬಾಗಿಲಿಗೆ ಅಂಟಿಸಿದ್ದರು. ಯುದ್ಧವೇನೋ ಮುಗಿಯಿತು, ಆದರೆ 1948ರಲ್ಲಿ ಸರ್ಕಾರ ಇಡೀ ಊರನ್ನೇ ಕಡ್ಡಾಯವಾಗಿ ಕೊಂಡುಕೊಂಡಿತು, ಯಾರೂ ಮರಳಿ ಬಾಳಲು ಬರಲಿಲ್ಲ.

ಈ ಬೇಸಿಗೆಯಲ್ಲಿ ಇಲ್ಲಿನ ನಮ್ಮ ಕನ್ನಡಿಗರ ಸಂಘದ ಹಲವರು ಟೈನಮ್ ನೋಡಿ ಬಂದೆವು. ಸೈನ್ಯದ ಗುಂಡು ಹಾರಿಸುವ ತಾಣದ ನಡುವೆ ಇರುವುದರಿಂದ ಹೆಚ್ಚಾಗಿ ವಾರಾಂತ್ಯಗಳಲ್ಲಿ ಮಾತ್ರ ಅಲ್ಲಿಗೆ ಪ್ರವೇಶವಿದೆ. ಸೂರಿಲ್ಲದ ಕಲ್ಲಿನ ಗೋಡೆಗಳು, ಅಟ್ಟವಿದ್ದ ಎತ್ತರದಲ್ಲಿ ಗೋಡೆಗೇ ಅಂಟಿಕೊಂಡು ಉಳಿದಿರುವ ಒಲೆಗೂಡು, ಇಷ್ಟೇ ಇದ್ದಿದ್ದರೆ ಅದು ಇನ್ನೊಂದು ಹಾಳೂರು ಆಗಿರುತ್ತಿತ್ತು. ಆದರೆ ಮನೆಗಳಲ್ಲಿ ಒಂದೊಂದು ಫಲಕವಿದೆ: ಇಲ್ಲಿ ಯಾರಿದ್ದರು, ಏನು ಕೆಲಸ ಮಾಡುತ್ತಿದ್ದರು, ಎಷ್ಟು ಮಕ್ಕಳಿದ್ದರು ಎಂಬ ವಿವರ, ಜೊತೆಗೆ ಆ ಕುಟುಂಬದ ಹಳೆಯ ಭಾವಚಿತ್ರ. ಮಕ್ಕಳು ಕಡಿಮೆಯಾಗಿ 1932ರಲ್ಲೇ ಮುಚ್ಚಿದ್ದ ಶಾಲೆಯನ್ನು ಈಗ ಮೊದಲಿನಂತೆಯೇ ಅಣಿಗೊಳಿಸಿದ್ದಾರೆ. ಕೋಟು ತೂಗುಹಾಕುವ ಗೂಟಗಳ ಮೇಲೆ ಮಕ್ಕಳ ಹೆಸರುಗಳಿವೆ. ಫಲಕದಲ್ಲಿ ಓದಿದ ಮನೆತನದ ಹೆಸರನ್ನೇ ಆ ಸಾಲಿನಲ್ಲಿ ಹುಡುಕುತ್ತಾ ನಮ್ಮವರು ಬಹಳ ಹೊತ್ತು ನಿಂತಿದ್ದರು.

ಒಡೆಯರ ಬಂಗಲೆಗೆ ಕ್ರಯಪತ್ರವಿರುತ್ತದೆ, ನಕ್ಷೆಯಿರುತ್ತದೆ, ಚರಿತ್ರೆ ಬರೆಯುವವರೂ ಇರುತ್ತಾರೆ. ಒಕ್ಕಲಿನ ಮನೆಯೊಳಗೆ ಸ್ನಾನಕ್ಕೆ ನೀರು ಎಲ್ಲಿ ಕಾಯುತ್ತಿತ್ತು, ಯಾರು ಯಾವ ಕಿಟಕಿಯ ಬಳಿ ಕೂತು ಹೊಲಿಯುತ್ತಿದ್ದರು ಎಂಬುದಕ್ಕೆ ಅಲ್ಲಿ ಬಾಳಿದವರ ಬಾಯಿಮಾತಲ್ಲದೆ ಬೇರೆ ದಾಖಲೆಯಿಲ್ಲ. ವಿಲ್ಟ್‌ಶೈರ್‌ನ ಇಂಬರ್ ಊರನ್ನು ಅದೇ ವರ್ಷ, ಅದೇ ಕಾರಣಕ್ಕೆ ಖಾಲಿ ಮಾಡಿಸಿದಾಗ ಅಲ್ಲಿನ ಕಮ್ಮಾರ ಆಲ್ಬರ್ಟ್ ನ್ಯಾಶ್ ಕಬ್ಬಿಣ ಬಡಿಯುವ ತಮ್ಮ ಅಡೆಗಲ್ಲಿನ ಮೇಲೆ ಬಾಗಿ ಅಳುತ್ತಿದ್ದರೆಂಬುದು ನಮಗೆ ತಿಳಿದಿರುವುದು ಯಾವ ಸರ್ಕಾರಿ ಕಡತದಿಂದಲೂ ಅಲ್ಲ, ಊರಿನವರು ಮತ್ತೆ ಮತ್ತೆ ಹೇಳಿಕೊಂಡದ್ದರಿಂದ. ಊರು ಬಿಟ್ಟ ಸ್ವಲ್ಪ ಕಾಲದಲ್ಲೇ ತೀರಿಕೊಂಡ ಅವರನ್ನು ಇಂಬರ್‌ಗೇ ತಂದು ಸಮಾಧಿ ಮಾಡಲಾಯಿತು.

ಡರ್ಬಿಶೈರ್‌ನ ಡರ್ವೆಂಟ್ ಮತ್ತು ಆಷಪ್ಟನ್ ಊರುಗಳ ಕಥೆ ನಮ್ಮವರಿಗೆ ಇನ್ನೂ ಹತ್ತಿರದ್ದು. 1940ರ ದಶಕದಲ್ಲಿ ಲೇಡಿಬವರ್ ಜಲಾಶಯ ತುಂಬಿದಾಗ ಎರಡೂ ಮುಳುಗಿದವು. ಡರ್ವೆಂಟ್‌ನ ಹಳೆಯ ಕಲ್ಲಿನ ಸೇತುವೆಯನ್ನು ಕಲ್ಲುಕಲ್ಲಿಗೂ ಸಂಖ್ಯೆ ಬರೆದು ಬಿಚ್ಚಿ, ಮುಂದೆ ಹೊಳೆಯ ಮೇಲ್ಭಾಗದಲ್ಲಿ ಮತ್ತೆ ಕಟ್ಟಿದರು. ಮನೆಗಳಿಗೆ ಆ ಭಾಗ್ಯ ಬರಲಿಲ್ಲ. 2018 ಮತ್ತು 2022ರ ಬರಗಾಲದಲ್ಲಿ ನೀರು ಇಳಿದು ಡರ್ವೆಂಟ್‌ನ ಕಟ್ಟಡಗಳ ಅವಶೇಷಗಳು ಕಾಣಿಸಿಕೊಂಡಾಗ ಜನ ಗುಂಪುಗುಂಪಾಗಿ ನೋಡಲು ಹೋದರು. ಸಾಗರ ಸೀಮೆಯವರಾದ ನಮ್ಮ ಹಿರಿಯ ಸದಸ್ಯರೊಬ್ಬರಿಗೆ ಆ ಚಿತ್ರಗಳನ್ನು ತೋರಿಸಿದಾಗ ಅವರು ಒಡನೆ ಹೇಳಿದ್ದು ಶರಾವತಿಯ ಮಾತು. 1964ರಲ್ಲಿ ಲಿಂಗನಮಕ್ಕಿಯ ಹಿನ್ನೀರು ಏರಿದಾಗ ಅವರ ಮನೆಯೂ ಮುಳುಗಡೆಯಾಯಿತು. ಅವರ ತಂದೆಯದು ಗೇಣಿ ಜಮೀನು, ಆದ್ದರಿಂದ ಪರಿಹಾರದ ಹಣ ಒಡೆಯರ ಕೈ ಸೇರಿತು. ಟೈನಮ್‌ನ ತರಕಾರಿಯ ಲೆಕ್ಕವನ್ನು ನಾನು ಹೇಳಿದಾಗ, ನಮಗೆ ಅಷ್ಟೂ ಸಿಗಲಿಲ್ಲ ಎಂದರು. ಆಮೇಲೆ ತಮ್ಮ ಮನೆಯ ಜಗಲಿ, ನಡುಮನೆ, ಕೊಟ್ಟಿಗೆಗಳನ್ನೂ, ಹೊಳೆ ದಾಟುವ ಮುನ್ನ ಅಜ್ಜಿ ಬಚ್ಚಲಿನ ಹಂಡೆಯನ್ನು ಬಿಡಲೊಲ್ಲದೆ ಗಾಡಿಗೆ ಏರಿಸಿದ್ದನ್ನೂ ಒಂದೇ ಉಸಿರಿಗೆ ಹೇಳಿದರು. ಇಂಥ ಮಾತುಗಳು ಊಟದ ಹೊತ್ತಿನ ಹರಟೆಯಲ್ಲಿ ಕಳೆದುಹೋಗಬಾರದೆಂಬ ಕಳವಳವೇ ನನ್ನಿಂದ ಈ ಸಂಪಾದಕೀಯವನ್ನು ಬರೆಸಿದೆ.

ನಮ್ಮಲ್ಲಿ ಇನ್ನೊಂದು ಬಗೆಯ ಮನೆಗಳೂ ಇವೆ. 1960 ಮತ್ತು 70ರ ದಶಕಗಳಲ್ಲಿ ಈ ದೇಶದ ಆಸ್ಪತ್ರೆಗಳಿಗೆ ಬಂದ ನಮ್ಮ ವೈದ್ಯರಲ್ಲಿ ಕೆಲವರು ಮೊದಲು ಸಂಸಾರ ಹೂಡಿದ್ದು ಇಂಗ್ಲಿಷ್ ಹಳ್ಳಿಗಳ ಬಾಡಿಗೆ ಮನೆಗಳಲ್ಲಿ. ಮೀಟರಿಗೆ ನಾಣ್ಯ ಹಾಕಿದರೆ ಮಾತ್ರ ಬಿಸಿಯಾಗುತ್ತಿದ್ದ ಕೋಣೆ, ಉದ್ದಿನಬೇಳೆ ಸಿಗದ ಅಂಗಡಿ, ಹಿತ್ತಲಿನ ಬೇಲಿಯಾಚೆಯಿಂದ ಸೇಬು ಕೊಡುತ್ತಿದ್ದ ನೆರೆಯಾಕೆ, ಇವೆಲ್ಲ ಅವರು ಹೇಳಿದರಷ್ಟೇ ಉಳಿಯುವ ಸಂಗತಿಗಳು.

ಆದ್ದರಿಂದ ಮುಂದಿನ ರಾಜ್ಯೋತ್ಸವ ಸಂಚಿಕೆಯಲ್ಲಿ ಕೆಲವು ಪುಟಗಳನ್ನು ಹಿಂದಿನ ಮನೆಗಳಿಗಾಗಿ ಮೀಸಲಿಡುತ್ತಿದ್ದೇವೆ. ಇಲ್ಲಿಯ ಹಳ್ಳಿಯ ಮನೆಯಾಗಲಿ, ನೀರಿನಡಿ ಸೇರಿದ ಊರಿನ ಮನೆಯಾಗಲಿ, ಬಾಗಿಲಿನಿಂದ ಹಿತ್ತಲಿನವರೆಗೆ ನಡೆದು ತೋರಿಸುವಂತೆ ಬರೆದು ಕಳುಹಿಸಿ. ಹಳೆಯ ಚಿತ್ರವಿದ್ದರೆ ಪ್ರತಿ ಮಾಡಿ, ಅದರಲ್ಲಿರುವವರ ಹೆಸರುಗಳನ್ನು ಹಿಂಬದಿಯಲ್ಲಿ ಬರೆಯಿರಿ. ಬರೆಯಲಾಗದ ಹಿರಿಯರಿದ್ದರೆ ತಿಳಿಸಿ, ನಮ್ಮ ಯುವ ಸದಸ್ಯರು ಅವರ ಮನೆಗೇ ಬಂದು ಕೇಳಿ ಬರೆದುಕೊಳ್ಳಲು ಒಪ್ಪಿದ್ದಾರೆ.